ಆಗೊಮ್ಮೆ ಈಗೊಮ್ಮೆ ಮಿಡಿಯುವ ನ್ಯೂಟ್ರಾನ್ ನಕ್ಷತ್ರಗಳನ್ನು ಹುಡುಕುವ ಬಗೆ

ಪುಣೆಗೆ ಓದಲು ಬಂದು, ನಾರಾಯಣಗಾಂವ್ ಬಳಿಯ ಖೋಡದ್‌ನಲ್ಲಿರುವ ಜಿಎಂಆರ್‌ಟಿ ರೇಡಿಯೊ ದೂರದರ್ಶಕದ ದತ್ತಾಂಶವನ್ನು ಮೊದಲ ಸಲ ತೆರೆಯುತ್ತಿರುವ ಕನ್ನಡದ ವಿದ್ಯಾರ್ಥಿಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಸಾಮಾನ್ಯ ಪಲ್ಸಾರ್‌ಗಳನ್ನು, ಅಂದರೆ ತಿರುಗುತ್ತ ಲಯಬದ್ಧವಾಗಿ ರೇಡಿಯೊ ಮಿಡಿತ ಕೊಡುವ ನ್ಯೂಟ್ರಾನ್ ನಕ್ಷತ್ರಗಳನ್ನು, ಅವುಗಳ ಲಯದಿಂದ ಹಿಡಿಯುತ್ತೇವೆ. ಆದರೆ 2006ರಲ್ಲಿ ಮೊದಲು ವರದಿಯಾದ 11 ಆರ್‌ಆರ್‌ಎಟಿಗಳು (ಆಗೊಮ್ಮೆ ಈಗೊಮ್ಮೆ ಮಾತ್ರ ಮಿಡಿಯುವ ನ್ಯೂಟ್ರಾನ್ ನಕ್ಷತ್ರಗಳು) 2ರಿಂದ 30 ಮಿಲಿಸೆಕೆಂಡಿನ ಒಂದು ಮಿಡಿತ ಕೊಟ್ಟು, ನಿಮಿಷಗಟ್ಟಲೆ, ಕೆಲವೊಮ್ಮೆ ಗಂಟೆಗಟ್ಟಲೆ ಸುಮ್ಮನಿರುತ್ತಿದ್ದವು. ಆದ್ದರಿಂದ ಲಯದ ಹುಡುಕಾಟವನ್ನೇ ನಂಬದೆ, ಒಂದೊಂದು ಮಿಡಿತವನ್ನೂ ಬಿಡಿಯಾಗಿ ಹುಡುಕಬೇಕು.

ಕಡಿಮೆ ಆವರ್ತನದಲ್ಲಿ ನಮಗೆ ಸಿಗುವ ದೊಡ್ಡ ನೆರವು ಡಿಸ್ಪರ್ಷನ್. ಅಂತರತಾರಾ ಎಲೆಕ್ಟ್ರಾನ್‌ಗಳ ನಡುವೆ ಹಾದುಬರುವ ಸಂಕೇತದ ಕೆಳಗಿನ ಆವರ್ತನಗಳು ತಡವಾಗಿ ತಲುಪುತ್ತವೆ. ದಾರಿಯಲ್ಲಿ ಸಿಗುವ ಎಲೆಕ್ಟ್ರಾನ್‌ಗಳ ಒಟ್ಟು ಪ್ರಮಾಣವನ್ನು ಹೇಳುವ ಅಳತೆಯಾದ ಡಿಎಂ (ಡಿಸ್ಪರ್ಷನ್ ಮೆಷರ್) 50 ಇದ್ದರೆ 500 ಮತ್ತು 300 ಮೆಗಾಹರ್ಟ್ಸ್ ನಡುವಿನ ಈ ತಡ ಸುಮಾರು 1.5 ಸೆಕೆಂಡು, 1500 ಮತ್ತು 1200ರ ನಡುವೆ ಅದು ಸುಮಾರು 50 ಮಿಲಿಸೆಕೆಂಡು ಮಾತ್ರ. ಆವರ್ತನವನ್ನು ಲಂಬವಾಗಿ, ಕಾಲವನ್ನು ಅಡ್ಡಲಾಗಿ ಇಟ್ಟು ಚಿತ್ರಿಸಿದಾಗ ನಿಜವಾದ ಮಿಡಿತವು ಮೇಲಿನಿಂದ ಬಲಕ್ಕೆ ಬಾಗುತ್ತ ಇಳಿಯುವ ಗೆರೆಯಾಗಿ ಕಾಣುತ್ತದೆ. ವಿದ್ಯುತ್ ತಂತಿಯ ಕಿಡಿ ನೆಟ್ಟಗೆ ನಿಂತ ಗೆರೆಯಾಗಿ ಕಾಣುತ್ತದೆ. ಈ ವ್ಯತ್ಯಾಸ ಕಣ್ಣಿಗೆ ಹತ್ತುವವರೆಗೆ ಚಿತ್ರಗಳನ್ನು ನೋಡುತ್ತಲೇ ಇರಬೇಕು.

ಮೊದಲು ಪಲ್ಸಾರ್ ಹುಡುಕುವ ತಂತ್ರಾಂಶವಾದ ಪ್ರೆಸ್ಟೋದ ಆರ್‌ಎಫ್‌ಐಫೈಂಡ್‌ನಿಂದ, ಭೂಮಿಯ ಗದ್ದಲಕ್ಕೆ ಹಾಳಾದ ಚಾನೆಲ್‌ಗಳನ್ನು (ಆವರ್ತನದ ಸಣ್ಣ ಪಟ್ಟಿಗಳನ್ನು) ಗುರುತಿಸಿ ಮರೆಮಾಡಿ. ಆದರೆ ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳಬಾರದು: ಪ್ರಬಲವಾದ ಒಂಟಿ ಮಿಡಿತವೂ ಆ ಜರಡಿಗೆ ಗದ್ದಲದಂತೆಯೇ ತೋರಬಹುದು. ಅನಂತರ ಅದೇ ತಂತ್ರಾಂಶದ ಪ್ರಿಪ್‌ಸಬ್‌ಬ್ಯಾಂಡ್‌ನಿಂದ ಹಲವು ಡಿಎಂಗಳಿಗೆ ತಡವನ್ನು ಸರಿಪಡಿಸಿ. 300–500 ಮೆಗಾಹರ್ಟ್ಸ್‌ನಲ್ಲಿ ಡಿಎಂ 0.1ರಷ್ಟು ತಪ್ಪಿದರೂ ಮಿಡಿತ ಸುಮಾರು 3 ಮಿಲಿಸೆಕೆಂಡ್ ಹರಡಿಕೊಳ್ಳುವುದರಿಂದ ಹೆಜ್ಜೆಗಳು ಚಿಕ್ಕದಿರಲಿ. ಗಣನೆಗೆ ಹೆಚ್ಚು ಸಮಯ ಹಿಡಿದರೂ ಇಲ್ಲಿ ಜಿಪುಣತನ ಬೇಡ.

ಬಳಿಕ ಅದರದೇ ಸಿಂಗಲ್ ಪಲ್ಸ್ ಸರ್ಚ್ ಓಡಿಸಿ. ಅದು ಬೇರೆ ಬೇರೆ ಅಗಲದ ಕಿಂಡಿಗಳನ್ನು ಕಾಲಸರಣಿಯ ಮೇಲೆ ಸರಿಸುತ್ತ ಗದ್ದಲವನ್ನು ಮೀರಿದ ಏರಿಕೆಗಳನ್ನು ಆಯ್ದುಕೊಡುತ್ತದೆ. ಪ್ರತಿ ಏರಿಕೆಯನ್ನೂ ಡಿಎಂ ಸೊನ್ನೆಯಲ್ಲಿ ಮತ್ತೆ ನೋಡಿ. ಅಲ್ಲಿಯೇ ಅತಿ ಪ್ರಬಲವಾಗಿದ್ದರೆ ಅದು ಭೂಮಿಯದೇ ಸದ್ದು. ನಿಜವಾದದ್ದು ತನ್ನ ಡಿಎಂನಲ್ಲಿ ಶಿಖರ ಮುಟ್ಟಿ ಎರಡೂ ಕಡೆ ಕುಗ್ಗುತ್ತದೆ.

ಒಂದೇ ಡಿಎಂನಲ್ಲಿ ಹಲವು ಮಿಡಿತಗಳು ಸಿಕ್ಕರೆ, ಅವುಗಳ ನಡುವಿನ ಅಂತರಗಳೆಲ್ಲವನ್ನೂ ಭಾಗಿಸುವ ಅತಿ ದೊಡ್ಡ ಕಾಲವನ್ನು ಕಂಡುಕೊಳ್ಳಿ. ಮೂರ್ನಾಲ್ಕೇ ಮಿಡಿತಗಳಿದ್ದಾಗ ಅದು ನಿಜವಾದ ಅವಧಿಯ ಎರಡು ಅಥವಾ ಮೂರು ಪಟ್ಟು ಇರಬಹುದಾದ್ದರಿಂದ, ಅದೇ ದಿಕ್ಕನ್ನು ಮತ್ತೊಮ್ಮೆ ವೀಕ್ಷಿಸಿ ಹೊಸ ಮಿಡಿತಗಳು ಆ ಲೆಕ್ಕಕ್ಕೆ ಕೂಡುತ್ತವೆಯೇ ಎಂದು ಪರೀಕ್ಷಿಸಿದ ಮೇಲೆಯೇ ಅವಧಿಯನ್ನು ಬರೆದಿಡಿ.