ದೊಡ್ಡ ಮಗುವಿಗೆ ಮನೆ ಕೊಡುವುದು ಹೇಗೆ?

ದತ್ತು ಅಂದ ಕೂಡಲೇ ಎಲ್ಲರಿಗೂ ತೊಟ್ಟಿಲ ಕೂಸೇ ಬೇಕು. ಬಾಲಮಂದಿರದಲ್ಲಿ ಬೆಳೆಯುವ ಹತ್ತು, ಹನ್ನೆರಡು ವರ್ಷದ ಮಕ್ಕಳನ್ನು ಕೇಳುವವರು ಕಡಿಮೆ. ಅಂಥವರನ್ನು ಮನೆಗೆ ತಂದು ಸಾಕಲು 2015ರ ಬಾಲನ್ಯಾಯ ಕಾಯ್ದೆಯ 44ನೇ ಕಲಂನಲ್ಲಿ ದಾರಿಯಿದೆ. ಇದಕ್ಕೆ ಪೋಷಕತ್ವ ಎನ್ನುತ್ತಾರೆ.

ಮೊದಲು ಮನೆಯೊಳಗೆ ಮಾತಾಡಿ. ಗಂಡ ಹೆಂಡತಿ ಒಪ್ಪಿದರೆ ಸಾಲದು. ಮಂಡ್ಯ ಕಡೆಯ ಕೂಡು ಕುಟುಂಬವಾದರೆ ಅಜ್ಜಿ, ಚಿಕ್ಕಪ್ಪ, ನಿಮ್ಮ ಮಕ್ಕಳು ಎಲ್ಲರೂ ಕೂರಬೇಕು. ‘ಯಾರ ಮಗುವೋ, ಯಾವ ಜಾತಿಯೋ’ ಎಂಬ ಮಾತು ಬರುವುದಿದ್ದರೆ ಮಗು ಬರುವ ಮೊದಲೇ ಬಂದು ಮುಗಿಯಲಿ.

ಆಮೇಲೆ ನಿಮ್ಮ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ. ಮೈಸೂರು, ಮಂಡ್ಯ ಎರಡರಲ್ಲೂ ಇದೆ. ದಂಪತಿಯಾದರೆ ಮದುವೆಯಾಗಿ ಕನಿಷ್ಠ 2 ವರ್ಷ ಜೊತೆಯಲ್ಲಿ ಬಾಳಿರಬೇಕು. 2024ರ ಮಾರ್ಗಸೂಚಿ ಬಂದ ಮೇಲೆ 35 ದಾಟಿದ ಒಂಟಿ ವ್ಯಕ್ತಿಗಳಿಗೂ ಅವಕಾಶವಿದೆ. ಒಂಟಿ ಗಂಡಸಿಗೆ ಹೆಣ್ಣುಮಗುವನ್ನು ಮಾತ್ರ ಕೊಡುವುದಿಲ್ಲ. ಸಿಬ್ಬಂದಿ ಮನೆಗೆ ಬಂದು ನೋಡುತ್ತಾರೆ. ಅವರಿಗಾಗಿ ಸುಣ್ಣ ಬಣ್ಣ ಬಳಿಸಬೇಡಿ, ಸಾಲ ಇದ್ದರೆ ಸಾಲ ಇದೆ ಅನ್ನಿ. ಕೊನೆಗೆ ಆದೇಶ ಕೊಡುವುದು ಮಕ್ಕಳ ಕಲ್ಯಾಣ ಸಮಿತಿ. ಮಗುವಿನ ಇಷ್ಟವನ್ನೂ ಕೇಳುತ್ತಾರೆ, ಕೇಳಲೇಬೇಕು ಅಲ್ವಾ?

ನಿಜವಾದ ಕೆಲಸ ಮಗು ಬಂದ ಮೇಲೆ. ದೊಡ್ಡ ಮಗುವಿಗೆ ಹಳೆಯ ನೆನಪುಗಳಿರುತ್ತವೆ. ಅಮ್ಮ ಅಂತ ಕರೆ ಎಂದು ಒತ್ತಾಯಿಸಬೇಡಿ. ಆಂಟಿ ಅಂದರೆ ಆಂಟಿಯೇ ಸರಿ. ಹೆತ್ತವರನ್ನು ಮಗುವಿನೆದುರು ಬೈಯಬೇಡಿ, ಎಷ್ಟೇ ಕೆಟ್ಟವರಾಗಿರಲಿ. ದಿಂಬಿನ ಕೆಳಗೆ ಬಿಸ್ಕತ್ತು ಬಚ್ಚಿಟ್ಟರೆ ಕಳ್ಳತನ ಅಂದುಕೊಳ್ಳಬೇಡಿ. ನಾಳೆ ಸಿಗುತ್ತೋ ಇಲ್ಲವೋ ಎಂಬ ಭಯ ಅದು. ಕೈಗೆಟಕುವ ಡಬ್ಬಿಯಲ್ಲಿ ತಿಂಡಿ ಇಟ್ಟು ಸುಮ್ನೆ ಇದ್ದುಬಿಡಿ. ಮೊದಮೊದಲು ತುಂಬಾ ಒಳ್ಳೆಯ ಹುಡುಗನಾಗಿದ್ದವನು ಆಮೇಲೆ ಬಾಗಿಲು ಧಡಾರನೆ ಹಾಕಿಕೊಳ್ಳಬಹುದು. ನೀವು ವಾಪಸ್ ಕಳಿಸುತ್ತೀರಾ ಎಂದು ಪರೀಕ್ಷೆ ಮಾಡುತ್ತಿರುತ್ತಾನೆ. ಸಿಟ್ಟಿನಲ್ಲೂ ‘ಕಳಿಸಿಬಿಡ್ತೀನಿ’ ಎಂಬ ಮಾತು ಬಾಯಲ್ಲಿ ಬರಬಾರದು. ದಸರಾ ಗದ್ದಲಕ್ಕೆ, ನೆಂಟರ ಮದುವೆಗೆ ಕರೆದೊಯ್ಯುವುದಕ್ಕೂ ಆತುರ ಬೇಡ.

ಸಮಿತಿಯವರು ತಿಂಗಳಿಗೊಮ್ಮೆ ಬಂದು ನೋಡಬೇಕೆಂದು ಕಾಯ್ದೆಯಲ್ಲೇ ಇದೆ. ಅದನ್ನು ಅವಮಾನ ಎಂದುಕೊಳ್ಳಬೇಡಿ, ಕಷ್ಟ ಹೇಳಿಕೊಳ್ಳಲು ಅದೇ ಸಮಯ. ಮಿಷನ್ ವಾತ್ಸಲ್ಯ ಎಂಬ ಕೇಂದ್ರ ಸರ್ಕಾರದ ಮಕ್ಕಳ ರಕ್ಷಣಾ ಯೋಜನೆಯಲ್ಲಿ ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ ನೆರವಿದೆ. ಹಣಕ್ಕಾಗಿ ಯಾರೂ ಈ ಕೆಲಸಕ್ಕೆ ಇಳಿಯಬಾರದು, ಆದರೆ ನೋಟ್‌ಬುಕ್ಕು, ಬೂಟಿಗೆ ಆಗುತ್ತದೆ.

ಪೋಷಕತ್ವದಿಂದ ಮಗು ಕಾನೂನಿನ ಪ್ರಕಾರ ನಿಮ್ಮದಾಗುವುದಿಲ್ಲ. ದತ್ತು ಪಡೆಯಬೇಕು ಅನ್ನಿಸಿದರೆ, ಮೊದಲು 5 ವರ್ಷ ಕಾಯಬೇಕಿತ್ತು. ಈಗ 2 ವರ್ಷ ಸಾಕಿದ ಮೇಲೆ ಕೇಳಬಹುದು. ಕೇಳುವ ಮುಂಚೆ ಮಗುವಿನ ಜೊತೆ ಒಂದು ಮಾತು ಆಡಿ.