ಕಾರ್ಡ್ 3, ಟ್ಯೂನರ್ 69

2009ರಲ್ಲಿ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ, ಕಂಪ್ಯೂಟರಿನಲ್ಲೇ ಟಿವಿ ನೋಡಲು ಒಂದು ಟಿವಿ ಟ್ಯೂನರ್ ಕಾರ್ಡ್ ಕೊಂಡೆ. ಡಬ್ಬಿಯ ಮೇಲೆ ಕಂಪನಿಯ ಹೆಸರೇ ಇರಲಿಲ್ಲ. ಒಳಗಿದ್ದ ಸಿ.ಡಿ. ವಿಂಡೋಸ್‌ಗೆ ಮಾತ್ರ. ನನ್ನ ಹತ್ತಿರ ಇದ್ದದ್ದು ಲಿನಕ್ಸಿನ ಒಂದು ಬಗೆಯಾದ ಉಬುಂಟು. "ಲಿನಕ್ಸಾ? ಗೊತ್ತಿಲ್ಲ ಸಾರ್. ವಾಪಸ್ ಮಾತ್ರ ತಗೊಳಲ್ಲ" ಎಂದು ಅಂಗಡಿಯವರು ಮೊದಲೇ ಹೇಳಿದ್ದರು.

ಕಾರ್ಡನ್ನು ಸ್ಲಾಟಿಗೆ ಹಾಕಿ, ಒಳಗಿರುವ ಕಾರ್ಡುಗಳ ಪಟ್ಟಿ ತೋರಿಸುವ ಕಮಾಂಡ್ ಎಲ್‌ಎಸ್‌ಪಿಸಿಐ ಓಡಿಸಿದೆ. ಫಿಲಿಪ್ಸ್ ಎಸ್‌ಎಎ7130 ಚಿಪ್ ಎಂದು ತೋರಿಸಿತು. ಅದಕ್ಕೆ ಬೇಕಾದ ಎಸ್‌ಎಎ7134 ಡ್ರೈವರ್ (ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) ಲಿನಕ್ಸಿನ ತಿರುಳಾದ ಕರ್ನಲ್ ಒಳಗೇ ಇದೆ, ಬೇರೆ ಇಳಿಸಿಕೊಳ್ಳಬೇಕಾಗಿಲ್ಲ. ಆದರೂ ಪರದೆ ತುಂಬಾ ಬರೀ ಚುಕ್ಕಿ.

ಕರ್ನಲ್ ಬರೆದಿಡುವ ಸಂದೇಶಗಳನ್ನು ತೋರಿಸುವ ಡಿಮೆಸೇಜ್ ತೆಗೆದು ಓದಿದರೆ ನಗು ಬಂತು. ಡ್ರೈವರ್ ಬರೆದವರು ಅಲ್ಲೇ ಸಿಟ್ಟು ತೀರಿಸಿಕೊಂಡಿದ್ದರು. ಅಭಿನಂದನೆ, ನಿಮ್ಮ ಕಾರ್ಡ್ ಮಾಡಿದವರು ಈಪ್ರಾಮ್ (ಕಾರ್ಡಿನ ಗುರುತು ಬರೆದಿಡುವ ಪುಟ್ಟ ಮೆಮೊರಿ ಚಿಪ್) ಹಾಕದೆ ನಾಲ್ಕು ಕಾಸು ಉಳಿಸಿದ್ದಾರೆ, ಹಾಗಾಗಿ ಇದು ಯಾವ ಕಾರ್ಡ್ ಅಂತ ನನಗೆ ಗೊತ್ತಾಗುತ್ತಿಲ್ಲ ಎನ್ನುವ ಅರ್ಥದ ಸಾಲು. ಅದರ ಹಿಂದೆಯೇ, ಈಗ ಸಮಾಧಾನ ಆಯ್ತು ಅಂತ ಇನ್ನೊಂದು!

ವಿಷಯ ಇಷ್ಟೇ. ಒಂದೇ ಚಿಪ್ ಹಾಕಿ ಹತ್ತಾರು ಕಂಪನಿಗಳು ಕಾರ್ಡ್ ಮಾಡುತ್ತಿದ್ದವು. ಚಿಪ್ಪಿನ ಯಾವ ಕಾಲು ಧ್ವನಿಯ ಸ್ವಿಚ್ಚಿಗೆ ಹೋಗುತ್ತದೆ, ಚಾನೆಲ್ ಹಿಡಿಯಲು ಯಾವ ಟ್ಯೂನರ್ ಕೂರಿಸಿದ್ದಾರೆ ಎನ್ನುವುದು ಒಂದೊಂದರಲ್ಲಿ ಒಂದೊಂದು ಥರ. ಈಪ್ರಾಮ್ ಇದ್ದರೆ ಡ್ರೈವರ್ ಅದನ್ನು ಓದಿ ತಿಳಿದುಕೊಳ್ಳುತ್ತದೆ. ಇಲ್ಲದಿದ್ದರೆ 'ಕಾರ್ಡ್=0, ಗೊತ್ತಿಲ್ಲ' ಎಂದು ಕೈ ಚೆಲ್ಲುತ್ತದೆ. ಆಗ ಇದು ಪಟ್ಟಿಯಲ್ಲಿ ಎಷ್ಟನೇ ನಂಬರಿನ ಕಾರ್ಡ್, ಎಷ್ಟನೇ ನಂಬರಿನ ಟ್ಯೂನರ್ ಎನ್ನುವುದನ್ನು ನಾವೇ ಹೇಳಬೇಕು.

ನಾನು ಎರಡು ಸಂಜೆ ಸುಮ್ನೆ ಒಂದೊಂದೇ ನಂಬರ್ ಹಾಕುತ್ತಾ ಕೂತೆ. ಟಿವಿ ತೋರಿಸುವ ಪ್ರೋಗ್ರಾಂ ಟಿವಿಟೈಮ್ ಮುಚ್ಚು, ಡ್ರೈವರಿನ ಮಾಡ್ಯೂಲ್ ತೆಗೆ, ಹೊಸ ನಂಬರಿನ ಜೊತೆ ಮತ್ತೆ ಹಾಕು. ದಡ್ಡ ಕೆಲಸ. ಮೂರನೇ ದಿನ ಕಾರ್ಡನ್ನೇ ಹೊರಗೆ ತೆಗೆದು ನೋಡಿದೆ. ಆಂಟೆನಾ ವೈರ್ ಸಿಕ್ಕಿಸುವ ತಗಡಿನ ಡಬ್ಬಿಯೇ ಟ್ಯೂನರ್. ಅದರ ಮೇಲೆ ಚೀಟಿ ಇತ್ತು: ಟಿಎನ್‌ಎಫ್ 5335. ಕರ್ನಲ್ ಜೊತೆ ಬರುವ ಟ್ಯೂನರ್ ಪಟ್ಟಿಯಲ್ಲಿ ಅದು 69. ಬೋರ್ಡಿನ ಫೋಟೋಗಳನ್ನು ಹೋಲಿಸಿದಾಗ ಫ್ಲೈವಿಡಿಯೋ 2000 ಎನ್ನುವ ಕಾರ್ಡಿನ ನಕಲಿನಂತೆ ಕಂಡಿತು. ಡ್ರೈವರಿನ ಪಟ್ಟಿಯಲ್ಲಿ ಅದು ಕಾರ್ಡ್ 3.

ಎರಡನ್ನೂ ಕೊಟ್ಟೆ. ಚಿತ್ರ ಬಂತು, ಆದರೆ ಹರಿದು ಹೋದ ಹಾಗೆ, ಬಣ್ಣವಿಲ್ಲದೆ. ಈ ತಪ್ಪು ಡ್ರೈವರಿನದಲ್ಲ. ಟಿವಿಟೈಮ್‌ಗೆ ಪ್ರಸಾರದ ಪದ್ಧತಿ ಯಾವುದೆಂದು ನಾವು ಹೇಳದಿದ್ದರೆ ಅಮೆರಿಕದ ಎನ್‌ಟಿಎಸ್‌ಸಿ ಅಂದುಕೊಳ್ಳುತ್ತದೆ, ನಮ್ಮದು ಆಗ 625 ಗೆರೆಯ ಪಾಲ್. ಅದನ್ನು ಬದಲಿಸಿ ಸ್ಕ್ಯಾನ್ ಮಾಡಿದಾಗ ಮೊದಲು ಸಿಕ್ಕಿದ್ದು ಚಂದನ. ಮೂಕ ಚಂದನ! 7130 ಚಿಪ್ ಧ್ವನಿಯನ್ನು ಪಿಸಿಐ ಸ್ಲಾಟಿನ ಮೂಲಕ ಕಳಿಸುವುದಿಲ್ಲ. ಕಾರ್ಡಿನಿಂದ ಸೌಂಡ್ ಕಾರ್ಡಿನ ಲೈನ್-ಇನ್‌ಗೆ ಒಂದು ವೈರ್ ಎಳೆಯಬೇಕು. ಎಳೆದೆ. ಆಮೇಲೆ ನೋಡಿದರೆ ಮಿಕ್ಸರಿನಲ್ಲಿ ಲೈನ್ ಮ್ಯೂಟ್ ಆಗಿತ್ತು.

ಎರಡೂ ನಂಬರನ್ನು, ಮಾಡ್ಯೂಲ್‌ಗಳ ಸೆಟ್ಟಿಂಗ್ ಇರುವ ಮಾಡ್‌ಪ್ರೋಬ್ ಫೋಲ್ಡರಿನ ಒಂದು ಫೈಲಿಗೆ ಬರೆದಿಟ್ಟೆ. ನಾಲ್ಕು ವರ್ಷ ತೊಂದರೆ ಕೊಡಲಿಲ್ಲ. 2013ರ ಮಾರ್ಚ್ 31 ಬೆಂಗಳೂರಿನಲ್ಲಿ ಕೇಬಲ್ ಡಿಜಿಟಲ್ ಆಗಲು ಕೊಟ್ಟಿದ್ದ ಗಡುವು. ಅದಾದ ಮೇಲೆ ನಮ್ಮ ಮನೆಗೂ ಸೆಟ್‌ಟಾಪ್ ಬಾಕ್ಸ್ ಬಂತು. ಅದರ ಹಳದಿ ವೈರನ್ನು ಕಾರ್ಡಿನ ಕಾಂಪೋಸಿಟ್ ತೂತಿಗೆ ಸಿಕ್ಕಿಸಿದೆ. ಚಾನೆಲ್ ಹಿಡಿಯುವುದು ಈಗ ಬಾಕ್ಸಿನ ಕೆಲಸ, ಹಾಗಾಗಿ ಟ್ಯೂನರಿನ 69 ಬೇಕಾಗಿರಲಿಲ್ಲ, 3 ಸಾಕಾಯ್ತು.