ಗೋವಾಕ್ಕೆ ಹೋಗಿ ಬೀಚಿಗೆ ಹೋಗದೇ ಬರುವುದು ಹೇಗೆ? ಪಣಜಿಯಲ್ಲಿ ಎರಡು ದಿನ

ಮೊದಲು ಟಿಕೆಟ್, ಆಮೇಲೆ ಚರ್ಚೆ. ನಾವು ನಾಲ್ಕು ಜನ ಗೆಳೆಯರು, ಮುಂಬೈ ಸುತ್ತ ಡೊಂಬಿವಲಿ, ಮುಲುಂಡ್, ಘಾಟ್‌ಕೋಪರ್ ಅಂತ ಚದುರಿಕೊಂಡವರು, ‘ಯಾವ ಬೀಚ್’ ಅಂತ ಮೂರು ವರ್ಷ ಜಗಳ ಆಡಿ ಎಲ್ಲಿಗೂ ಹೋಗಿರಲಿಲ್ಲ. ನಾಲ್ಕನೇ ವರ್ಷ ಒಬ್ಬ ಯಾರನ್ನೂ ಕೇಳದೆ ನಾಲ್ಕು ಬರ್ತ್ ಬುಕ್ ಮಾಡಿ, ‘ದುಡ್ಡು ಹಾಕ್ರೋ’ ಅಂದ. ಬೀಚಿನ ಜಗಳ ಬೇಡವೇ ಬೇಡ ಅಂತ ಪಣಜಿಯಲ್ಲೇ ಉಳಿದೆವು. ಆಮೇಲೆ ಇನ್ನೂ ಎರಡು ಸಲ ಹಾಗೆಯೇ ಹೋಗಿ ಬಂದಿದ್ದೇವೆ.

ಕಡಲ ಬದಿಯಲ್ಲಿ ರೂಮು ಮಾಡಿದರೆ ರಜೆಯ ಅರ್ಧ ಟ್ಯಾಕ್ಸಿಯಲ್ಲೇ ಹೋಗುತ್ತದೆ. ಪಣಜಿ ಹಾಗಲ್ಲ, ಪುಟ್ಟ ಊರು. ಒಂದು ಕಡೆ ಮಾಂಡೋವಿ ಹೊಳೆ, ಹಿಂದೆ ಆಲ್ಟಿನೊ ಗುಡ್ಡ, ನಡುವೆ ಇರುವುದನ್ನೆಲ್ಲ ಕಾಲ್ನಡಿಗೆಯಲ್ಲೇ ನೋಡಬಹುದು.

ರೈಲು ಮತ್ತು ರೂಮು

ರೈಲಿನ ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ. ಆ ದಿನವೇ ಕೂತು ಮುಗಿಸಿ. ಶುಕ್ರವಾರ ರಾತ್ರಿ ಮುಂಬೈಯ ಸಿಎಸ್‌ಎಂಟಿ ಸ್ಟೇಷನ್ನಿಂದ ಹೊರಡುವ ಕೊಂಕಣ ಕನ್ಯಾ ರೈಲು ಹಿಡಿದರೆ ಶನಿವಾರ ಬೆಳಿಗ್ಗೆ ಗೋವಾ. ಭಾನುವಾರ ಸಂಜೆ ಅದೇ ರೈಲು ಹತ್ತಿದರೆ ಸೋಮವಾರ ಬೆಳಗಿನ ಜಾವ ಠಾಣೆ. ಮನೆಗೆ ಹೋಗಿ ಸ್ನಾನ ಮಾಡಿ ಆಫೀಸಿಗೆ ಓಡಬಹುದು, ನಿದ್ದೆ ಮಾತ್ರ ಸಾಲುವುದಿಲ್ಲ. ಊರಿಗೆ ಹೋಗಿ ರೂಢಿಯಾದ ನಮ್ಮ ಜನ ತಕ್ಷಣ ಮಂಗಳೂರು ಕಡೆಗೆ ಹೋಗುವ ಮತ್ಸ್ಯಗಂಧಾ ರೈಲು ಅನ್ನುತ್ತಾರೆ. ಅದು ಗೋವಾ ಮುಟ್ಟುವಾಗ ನಡುರಾತ್ರಿ ದಾಟಿರುತ್ತದೆ, ಬೇಡ ಮಾರಾಯ್ರೆ.

ಟಿಕೆಟ್ ಕರ್ಮಲಿಗೆ ತೆಗೆಯಿರಿ, ಮಡಗಾಂವ್‌ಗೆ ಅಲ್ಲ. ಮೊದಲ ಸಲ ನಾವು ಮಡಗಾಂವ್‌ನಲ್ಲಿ ಇಳಿದು, ಮೂವತ್ತು ಚಿಲ್ಲರೆ ಕಿ.ಮೀ. ಹಿಂದಕ್ಕೆ ಬರಲು ಟ್ಯಾಕ್ಸಿಗೆ ಸುಮ್ನೆ ದುಡ್ಡು ಸುರಿದೆವು. ಕರ್ಮಲಿಯಿಂದ ಪಣಜಿ ಹತ್ತು ಹನ್ನೆರಡು ಕಿ.ಮೀ. ಅಷ್ಟೇ. ಓಲಾ, ಊಬರ್ ಇಲ್ಲಿ ಸಿಗುವುದಿಲ್ಲ. ಗೋವಾಮೈಲ್ಸ್ ಆ್ಯಪ್ ಮೊದಲೇ ಹಾಕಿಕೊಳ್ಳಿ.

ಯಾವಾಗ ಹೋಗಬೇಕು? ನವೆಂಬರಿನಿಂದ ಫೆಬ್ರವರಿ ಹಿತ. ಆದರೆ ನವೆಂಬರಿನಲ್ಲಿ ಫಿಲ್ಮೋತ್ಸವ ನಡೆಯುತ್ತದೆ, 2004ರಿಂದ ಅದು ಪಣಜಿಯಲ್ಲೇ. ಆ ವಾರ, ಡಿಸೆಂಬರಿನ ಕೊನೆ ಮತ್ತು ಕಾರ್ನಿವಲ್ ಹೊತ್ತಲ್ಲಿ ರೂಮಿನ ಬಾಡಿಗೆ ಕೇಳುವುದೇ ಬೇಡ. ನನಗೆ ಜುಲೈ ಇಷ್ಟ. ಹೊಳೆ ಕೆಂಪಗೆ ತುಂಬಿ ಹರಿಯುತ್ತದೆ, ಜನ ಕಡಿಮೆ. ಕೊಂಕಣ ರೈಲ್ವೆಗೆ ಮಳೆಗಾಲದಲ್ಲಿ ಬೇರೆ ವೇಳಾಪಟ್ಟಿ ಇರುತ್ತದೆ, ರೈಲು ನಿಧಾನ, ಅದನ್ನು ಲೆಕ್ಕದಲ್ಲಿ ಇಟ್ಟುಕೊಳ್ಳಿ.

ರೂಮು ಪಣಜಿಯ ಹಳೇ ಕೇರಿಗಳಾದ ಫೊಂಟೈನ್ಹಾಸ್ ಅಥವಾ ಮಾಲಾ ಕಡೆ ನೋಡಿ. ‘ರಿವರ್ ವ್ಯೂ’ ಅಂದರೆ ಹುಷಾರು. ನಾವು ಜಾಸ್ತಿ ಕೊಟ್ಟು ಹಿಡಿದ ಒಂದು ರೂಮಿನಲ್ಲಿ ಹೊಳೆ ಕಾಣಬೇಕಾದರೆ ಕುರ್ಚಿ ಹತ್ತಿ ನಿಲ್ಲಬೇಕಿತ್ತು. ರಾತ್ರಿಯಿಡೀ ಕ್ಯಾಸಿನೊ ದೋಣಿಗಳಿಗೆ ಹೋಗುವ ಗಾಡಿಗಳ ಹಾರ್ನ್ ಮಾತ್ರ ಮಲಗಿದಲ್ಲಿಗೇ ಬರುತ್ತಿತ್ತು.

ಶನಿವಾರ: ಹೊಳೆ

ಮಧ್ಯಾಹ್ನ ಮೀನಿನ ಊಟ, ಆಮೇಲೆ ಒಂದು ನಿದ್ದೆ. ನಾಲ್ಕು ಗಂಟೆಗೆ ಪೇಟೆ. ತರಕಾರಿ ಬೆಳಗಾವಿ ಕಡೆಯಿಂದ ಬರುತ್ತದೆ, ಮಾರುವವರಲ್ಲೂ ಆ ಕಡೆಯವರು ಇದ್ದಾರೆ. ನಾವು ಹಿಂದಿಯಲ್ಲಿ ಚೌಕಾಸಿ ಮಾಡುತ್ತಿದ್ದರೆ ಅಜ್ಜಿಯೊಬ್ಬಳು ‘ಕನ್ನಡದಾಗ ಹೇಳ್ರಿ ಯಪ್ಪಾ’ ಅಂದಳು. ರೇಟು ಮಾತ್ರ ಇಳಿಸಲಿಲ್ಲ.

ಅಲ್ಲಿಂದ ಹೊಳೆ ದಂಡೆಯ ರಸ್ತೆ ಹಿಡಿಯಿರಿ. ಬಿಜಾಪುರದ ಆದಿಲ್‌ಶಾಹಿ ದೊರೆಯ ಅರಮನೆ ಸಿಗುತ್ತದೆ, ಆಮೇಲೆ ಪೋರ್ಚುಗೀಸರ ಆಡಳಿತ ಕಚೇರಿಯಾದದ್ದು. ಪಕ್ಕದಲ್ಲಿ ಹೆಂಗಸೊಬ್ಬಳ ಮೇಲೆ ಎರಡು ಕೈ ಚಾಚಿ ನಿಂತ ಪಾದ್ರಿಯ ವಿಗ್ರಹ. ಹೆದರಬೇಡಿ, ಅವನು ಆಬೆ ಫಾರಿಯಾ, 1756ರಲ್ಲಿ ಕಾಂದೋಳಿಯಲ್ಲಿ ಹುಟ್ಟಿ ಪ್ಯಾರಿಸ್‌ನಲ್ಲಿ ಸಂಮೋಹನ ವಿದ್ಯೆಗೆ ಹೆಸರಾದವನು. ಒಮ್ಮೆ ಪ್ರವಚನಕ್ಕೆ ನಿಂತಾಗ ಬಾಯಿ ಕಟ್ಟಿಹೋಯಿತಂತೆ. ಕೆಳಗೆ ಕೂತಿದ್ದ ಅಪ್ಪ ಕೊಂಕಣಿಯಲ್ಲಿ, ‘ಇದೆಲ್ಲ ಬರೀ ತರಕಾರಿ ಕಣೋ, ಹೆಚ್ಚಿ ಹಾಕು’ ಅಂದನಂತೆ. ನಮ್ಮ ಗುಂಪಲ್ಲಿ ಈಗ ಯಾರಿಗೆ ಆಫೀಸಿನ ಮೀಟಿಂಗ್ ಭಯ ಬಂದರೂ ಅದೇ ಮಾತು.

ಬೆಳಕು ಇಳಿಯುವ ಮುಂಚೆ ಬೆತಿಮ್‌ಗೆ ಹೋಗುವ ಫೆರ್ರಿ ಹತ್ತಿ. ನಡೆದು ಹತ್ತುವವರಿಗೆ ಟಿಕೆಟ್ ಇಲ್ಲ. ಕಬ್ಬಿಣದ ಹಲಗೆ ದಡಕ್ಕೆ ದಡಾರ್ ಅಂತ ಬಿದ್ದದ್ದೇ ತಡ, ಸ್ಕೂಟರುಗಳು ಒಟ್ಟಿಗೆ ಇಳಿಯುತ್ತವೆ, ಅವುಗಳ ನಡುವೆ ಮೀನಿನ ಬುಟ್ಟಿ ಹಿಡಿದ ಹೆಂಗಸು, ಶಾಲೆಯ ಮಕ್ಕಳು. ಹಲಗೆ ಒದ್ದೆ ಇರುತ್ತದೆ, ಚಪ್ಪಲಿ ಜಾರುತ್ತದೆ. ಡೀಸೆಲ್ ವಾಸನೆ, ಒಂದಿಷ್ಟು ಉಪ್ಪುಗಾಳಿ, ಕೆಲವೇ ನಿಮಿಷ, ಆಚೆ ದಡ. ಅಲ್ಲಿ ಒಂದು ಚಹಾ ಕುಡಿದು ಮುಂದಿನ ಫೆರ್ರಿಗೆ ವಾಪಸ್ ಬನ್ನಿ. ದುಡ್ಡು ಕೊಟ್ಟು ಹೋಗುವ ಕ್ರೂಸ್ ದೋಣಿಗಳೂ ಇವೆ, ಹಾಡು ಕುಣಿತ ಬೇಕಿದ್ದವರಿಗೆ. ನನಗೆ ಈ ಫೆರ್ರಿಯೇ ಸರಿ.

ಖಾನಾಪುರದ ಭೀಮಗಡದ ಕಾಡಲ್ಲಿ ಹುಟ್ಟಿದ ನಮ್ಮ ಮಹದಾಯಿಯೇ ಇಲ್ಲಿ ಮಾಂಡೋವಿ. ಕಳಸಾ-ಬಂಡೂರಿ ವಿಷಯ ಫೆರ್ರಿಯಲ್ಲಿ ಎತ್ತಬೇಡಿ. ನಮ್ಮಲ್ಲಿ ಒಬ್ಬ ಎತ್ತಿದ, ಆ ದಡದಿಂದ ಈ ದಡಕ್ಕೆ ಬರುವಷ್ಟರಲ್ಲಿ ನಾಲ್ಕು ಜನ ಅವನನ್ನು ಸುತ್ತುಗಟ್ಟಿದ್ದರು.

ಭಾನುವಾರ: ಬ್ರೆಡ್, ಬೀದಿ, ಬಸಿಲಿಕಾ

ಬೇಗ ಏಳಿ. ಸೈಕಲ್ಲಿನ ಹಿಂದೆ ದೊಡ್ಡ ಬುಟ್ಟಿ ಕಟ್ಟಿಕೊಂಡು ಪೊಂಯ್ ಪೊಂಯ್ ಅಂತ ಹಾರ್ನ್ ಒತ್ತುತ್ತ ಬರುವವನು ಪೊದೇರ್, ಬ್ರೆಡ್ ಮಾರುವವನು. ಅವನ ಹತ್ತಿರ ಪೊಯಿ ತಗೊಳ್ಳಿ. ತವುಡಿನ ಪುಡಿ ಮೆತ್ತಿದ, ಒಳಗೆ ಪೊಳ್ಳಾದ ಬ್ರೆಡ್ ಅದು. ಊರಿಗೆ ಒಯ್ಯಲೂ ಹತ್ತು ಹೇಳಿ.

ಫೊಂಟೈನ್ಹಾಸ್ ಬೀದಿಗಳನ್ನು ಆ ಹೊತ್ತಲ್ಲೇ ಸುತ್ತಿ. ಹಳದಿ, ನೀಲಿ, ಇಟ್ಟಿಗೆ ಕೆಂಪಿನ ಮನೆಗಳು. ಬಿಳಿ ಬಣ್ಣ ಚರ್ಚಿಗೆ ಮೀಸಲು ಅನ್ನುವುದು ಹಳೇ ರೂಢಿ. ಅಲ್ಲಿ ಜನ ವಾಸ ಮಾಡುತ್ತಾರೆ. ಅವರ ಜಗಲಿ ಹತ್ತಿ ಫೋಟೊ ತೆಗೆಸಿಕೊಳ್ಳಬೇಡಿ, ಬೈಸಿಕೊಳ್ಳುತ್ತೀರಿ.

ಮಧ್ಯಾಹ್ನ ರೂಮು ಬಿಟ್ಟು, ಚೀಲ ಹೆಗಲಿಗೆ ಹಾಕಿಕೊಂಡೇ ಓಲ್ಡ್ ಗೋವಾ ಬಸ್ ಹತ್ತಿ. ಕರ್ಮಲಿ ಸ್ಟೇಷನ್ ಅಲ್ಲಿಗೆ ಹತ್ತಿರ, ವಾಪಸ್ ಪಣಜಿಗೆ ಬರುವ ತಾಪತ್ರಯ ಇಲ್ಲ. ಅದಕ್ಕೇ ಟ್ರಾಲಿ ಬ್ಯಾಗ್ ತರಬೇಡಿ ಅನ್ನುವುದು. ರಿಬಂದರ್ ಮೇಲೆ ಹೋಗುವ ಬಸ್ಸಾದರೆ ಪೋರ್ಚುಗೀಸರು 1633–34ರಲ್ಲಿ ಕಟ್ಟಿದ ಉದ್ದನೆಯ ಕಲ್ಲಿನ ಸೇತುದಾರಿ ಸಿಗುತ್ತದೆ, ಕಿಟಕಿ ಪಕ್ಕ ಕೂರಿ. ಬೊಮ್ ಜೀಸಸ್ ಬಸಿಲಿಕಾ 1605ರದ್ದು, ಸಂತ ಫ್ರಾನ್ಸಿಸ್ ಝೇವಿಯರ್ ಅವರ ಪಾರ್ಥಿವ ಶರೀರ ಅಲ್ಲಿದೆ. ಚಡ್ಡಿ, ತೋಳಿಲ್ಲದ ಅಂಗಿಯಲ್ಲಿ ಹೋಗಬೇಡಿ.

ಪೊಯಿಯನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದರೆ ಬೆವರುತ್ತದೆ, ಬಟ್ಟೆ ಚೀಲ ಇರಲಿ. ಸೋಮವಾರ ಬೆಳಿಗ್ಗೆಗೆ ಗಟ್ಟಿಯಾಗಿರುತ್ತದೆ. ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ ಕಾವಲಿಯ ಮೇಲೆ ಮಗುಚಿದರೆ ಮತ್ತೆ ಮೆತ್ತಗಾಗುತ್ತದೆ.